ಹಾಯಿದೋಣಿಯ ಸಂಘಕ್ಕೆ ಸೇರುವುದೆ?

ಕಳೆದ ಬೇಸಗೆಯಲ್ಲಿ ನಾವು ಮದರಾಸಿಗೆ ಹೋಗಿದ್ದೆವು. 1996ರಿಂದ ಆ ಊರಿಗೆ ಚೆನ್ನೈ ಎಂಬ ಹೆಸರು ಸಲ್ಲುತ್ತಿದ್ದರೂ ನಮ್ಮ ಬಾಯಿಗೆ ಹಳೆಯದೇ ಬರುವುದು, ವಾಚಕರು ಮನ್ನಿಸಬೇಕು. ನಮ್ಮ ತಂಗಿಯನ್ನು ಅಲ್ಲಿಗೆ ಕೊಟ್ಟು ಇಪ್ಪತ್ತು ವರ್ಷಗಳಿಗೆ ಮೇಲಾಯಿತು. ಅವಳ ಮನೆಯಲ್ಲಿ ನಾಲ್ಕು ದಿನವಿದ್ದು ಹಿಂದಿರುಗುವೆವೆಂದು ಹೊರಟವರು ಒಂದು ವ್ಯಾಜ್ಯದ ಪಂಚಾಯಿತಿಗೆ ಸಿಕ್ಕಿ ಹದಿನೈದು ದಿನ ನಿಂತೆವು.

ವ್ಯಾಜ್ಯವೇನೆಂದರೆ, ಹದಿಮೂರು ವರ್ಷದವಳಾದ ಅವಳ ಮಗಳು ಬಂದರಿನಲ್ಲಿರುವ ಹಾಯಿದೋಣಿಯ ಸಂಘವೊಂದಕ್ಕೆ ಸದಸ್ಯಳಾಗಬೇಕೆಂದು ಹಟ ಹಿಡಿದಿದ್ದಳು. ತಂದೆಗೆ ಒಪ್ಪಿಗೆ, ತಾಯಿಗೆ ಸುತರಾಂ ಇಲ್ಲ. “ಅಣ್ಣಯ್ಯ, ನಿನ್ನ ಮಾತಾದರೆ ಕೇಳುತ್ತಾಳೆ, ಸ್ವಲ್ಪ ಬುದ್ಧಿ ಹೇಳು” ಎಂದು ತಂಗಿ. “ಮಾವ, ನೀವೇ ಬಂದು ನೋಡಿ, ನೋಡಿದ ಮೇಲೆ ಅಮ್ಮನಿಗೆ ಏನು ಬೇಕಾದರೂ ಹೇಳಿ” ಎಂದು ಹುಡುಗಿ.

ತಂಗಿಯ ಭಯವನ್ನು ಹೆಂಗಸರ ಅಂಜುಬುರುಕುತನವೆಂದು ತಳ್ಳಿಹಾಕುವಂತಿರಲಿಲ್ಲ. 2004ನೆಯ ಡಿಸೆಂಬರ್ 26, ಭಾನುವಾರ. ಅವಳ ಯಜಮಾನರು ಪ್ರತಿ ಭಾನುವಾರವೂ ಬೆಳಿಗ್ಗೆ ಮೆರೀನಾ ತೀರದಲ್ಲಿ ತಿರುಗಾಡುವ ಪದ್ಧತಿ. ಆ ದಿನ ಯಾರೋ ನಂಟರು ಬಂದರೆಂದು ಹೊರಡುವುದು ತಡವಾಯಿತು. ಅಷ್ಟರಲ್ಲಿ ಸಮುದ್ರವು ಉಕ್ಕಿ ದಂಡೆಯ ಮೇಲಿದ್ದವರನ್ನು ಸೆಳೆದುಕೊಂಡು ಹೋಯಿತು. ಅಂದಿನಿಂದ ತಂಗಿ ಸಮುದ್ರದ ಕಡೆ ಮುಖವಿಟ್ಟು ಕುಳಿತವಳಲ್ಲ. ಅಂಥವಳ ಮುಂದೆ ದೋಣಿಯ ವಿಷಯವನ್ನು ಎತ್ತುವುದು ಹೇಗೆ?

ಆದರೂ ಹುಡುಗಿಯ ಕೋರಿಕೆಯಂತೆ ಒಂದು ಬೆಳಿಗ್ಗೆ ಬಂದರಿಗೆ ಹೋದೆವು. ಈ ಬಂದರಿನ ಕಥೆಯೇ ಸ್ವಾರಸ್ಯವಾದುದು. ಇಲ್ಲಿ ನಿಸರ್ಗವು ಮಾಡಿಕೊಟ್ಟ ಕೊಲ್ಲಿಯಿಲ್ಲ, ಅಳಿವೆಯಿಲ್ಲ. ಹಿಂದೆ ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದುವು; ಜನರೂ ಸಾಮಾನುಗಳೂ ಹಲಗೆಗಳನ್ನು ಹಗ್ಗದಿಂದ ಹೊಲಿದು ಮಾಡಿದ ಮಸೂಲಾ ದೋಣಿಗಳಲ್ಲಿ ಅಲೆಗಳನ್ನು ದಾಟಿ ದಡಕ್ಕೆ ಬರಬೇಕಾಗಿತ್ತು. ಅನಂತರ ಕಲ್ಲಿನ ಗೋಡೆಗಳನ್ನು ಕಟ್ಟಿ ಕೃತಕವಾಗಿ ಬಂದರನ್ನು ಮಾಡಹೊರಟರೆ, 1881ರ ಬಿರುಗಾಳಿ ಆ ಗೋಡೆಗಳನ್ನು ಒಡೆದುಹಾಕಿತು. ಮತ್ತೆ ಕಟ್ಟಿದರು. ಬಂದರನ್ನು ಸುಧಾರಿಸಿದವರಲ್ಲಿ ಮುಖ್ಯರಾದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಎಂಬ ಎಂಜಿನಿಯರರೇ 1911ರಲ್ಲಿ ಇಲ್ಲಿ ರಾಯಲ್ ಮದ್ರಾಸ್ ಯಾಟ್ ಕ್ಲಬ್ಬನ್ನು ಸ್ಥಾಪಿಸಿದವರು. ಮರುವರ್ಷ ಬಂದರಿನ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದ ಒಬ್ಬ ಬಡ ತರುಣನಿಗೆ ಆಶ್ರಯವಾಗಿ ನಿಂತವರೂ ಇವರೇ. ಆ ತರುಣನು ಗಣಿತಜ್ಞ ಶ್ರೀನಿವಾಸ ರಾಮಾನುಜನ್. ಹಾಯಿದೋಣಿಗೂ ಇದಕ್ಕೂ ಸಂಬಂಧವಿಲ್ಲವಾದರೂ, ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.

ನಾವು ನೋಡಹೋದ ಸಂಘದಲ್ಲಿ ಮಕ್ಕಳಿಗೆ ಕೊಡುವ ದೋಣಿಗೆ ಆಪ್ಟಿಮಿಸ್ಟ್ ಎಂದು ಹೆಸರು. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತನು ಯೋಜಿಸಿದ್ದು. ಉದ್ದ ಏಳು ಮುಕ್ಕಾಲು ಅಡಿ. ತೂಕ ಸುಮಾರು 35 ಕಿಲೋ. ಒಂದೇ ಹಾಯಿ, ಒಂದು ಚುಕ್ಕಾಣಿ, ಮಧ್ಯದಲ್ಲಿ ನೀರಿಗೆ ಇಳಿಬಿಡುವ ಒಂದು ಹಲಗೆ. ದೊಡ್ಡ ಬಾನಿಯನ್ನು ಕಂಡಂತಾಗುವುದೇ ಹೊರತು ನೌಕೆಯ ಗಾಂಭೀರ್ಯವೇನೂ ಇಲ್ಲ. ಆದರೆ ಬಾನಿಗೆ ಬುದ್ಧಿಯುಂಟು! ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಗಾಳಿಗೆ ಓರೆಯಾಗಿ ಸ್ವಲ್ಪ ದೂರ ಬಲಕ್ಕೆ, ತಿರುಗಿ ಅಷ್ಟೇ ಓರೆಯಾಗಿ ಎಡಕ್ಕೆ, ಹೀಗೆ ಘಟ್ಟದ ರಸ್ತೆಯಂತೆ ಸುತ್ತಿ ಸುತ್ತಿ ಮೇಲೇರಬೇಕು. ಓರೆಯಾಗಿ ತಳ್ಳುವ ಗಾಳಿಗೆ ದೋಣಿ ಪಕ್ಕಕ್ಕೆ ಜಾರದಂತೆ ಹಿಡಿಯುವುದು ಆ ಇಳಿಬಿಟ್ಟ ಹಲಗೆಯೇ. ಹತ್ತು ವರ್ಷದ ಹುಡುಗರು ಇದನ್ನು ನಮಗೆ ವಿವರಿಸಿದ ರೀತಿಯನ್ನು ನೋಡಿ ನಾವು ಓದಿದ ಭೌತಶಾಸ್ತ್ರಕ್ಕೆ ನಾಚಿದೆವು.

ಈಗ ಲಾಭನಷ್ಟದ ಮಾತು. ಭಾನುವಾರವೆಲ್ಲ ಅಲ್ಲಿಗೇ ಸಲ್ಲುತ್ತದೆ. ನೀರಿನ ಮೇಲೆ ಇರುವ ಹೊತ್ತಿಗಿಂತ ದಡದಲ್ಲಿ ಕಳೆಯುವ ಹೊತ್ತೇ ಹೆಚ್ಚು: ದೋಣಿಯನ್ನು ಹೊತ್ತು ತರಬೇಕು, ಕಂಬ ನಿಲ್ಲಿಸಬೇಕು, ಹಗ್ಗ ಕಟ್ಟಬೇಕು, ಬಂದಮೇಲೆ ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ಎಲ್ಲವನ್ನೂ ತೊಳೆಯಬೇಕು. ಮನೆಯಲ್ಲಿ ತಟ್ಟೆ ತೊಳೆಯದ ಮಕ್ಕಳು ಅಲ್ಲಿ ಇದನ್ನು ಮಾಡುತ್ತಾರೆಂಬುದನ್ನು ತಾಯಂದಿರು ಯಾವ ಕಡೆ ಬರೆದುಕೊಳ್ಳುವರೋ ಅವರಿಗೇ ಬಿಟ್ಟದ್ದು. ದೋಣಿಗಳು ಕಡಮೆ, ಮಕ್ಕಳು ಹೆಚ್ಚು, ಸರದಿಗೆ ಕಾಯಬೇಕು. ಹಾಗೆಂದು ಸ್ವಂತ ದೋಣಿಯನ್ನು ಕೊಳ್ಳುವುದು ಹೊಸಬರಿಗೆ ದುಂದು. ಈ ದೋಣಿಯ ಪಂದ್ಯಗಳು ಹದಿನೈದು ವರ್ಷದ ವಯಸ್ಸಿಗೆ ಮುಗಿಯುವುವು. ಆಮೇಲೆ ದೊಡ್ಡ ದೋಣಿಗೆ ಹೋಗಲೇಬೇಕು. ಸಂಘವೆಂಬುದರ ನಿಜವಾದ ಬೆಲೆಯಿರುವುದು ಇಲ್ಲಿಯೇ ಎಂದು ನಮಗೆ ತೋರಿತು. ದೋಣಿ, ಗುರು, ಬೆಂಗಾವಲಿನ ಯಂತ್ರದೋಣಿ, ಈ ಮೂರನ್ನೂ ಒಂದು ಮನೆಯವರು ಹೊಂದಿಸಲಾರರು. ಹತ್ತು ಮನೆಯವರು ಕೂಡಿದರೆ ಆದೀತು.

ಹುಡುಗಿಯ ವಾದವೇ ಬೇರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕ್ರೀಡೆಗಳ ಹಾಯಿದೋಣಿ ಪಂದ್ಯಕ್ಕೆ ನಮ್ಮ ದೇಶದ ಸ್ತ್ರೀಯರಲ್ಲಿ ಮೊದಲು ಅರ್ಹತೆ ಪಡೆದ ನೇತ್ರಾ ಕುಮನನ್ ಅವರು ಇದೇ ಊರಿನವರೆಂದೂ, ನೌಕಾದಳದ ಆರು ಮಂದಿ ಸ್ತ್ರೀಯರು 2017ರಲ್ಲಿ ತಾರಿಣಿ ಎಂಬ ಹಾಯಿನೌಕೆಯಲ್ಲಿ ಹೊರಟು 2018ರಲ್ಲಿ ಭೂಪ್ರದಕ್ಷಿಣೆ ಮುಗಿಸಿ ಬಂದರೆಂದೂ ದಾರಿಯುದ್ದಕ್ಕೂ ಹೇಳಿದಳು. ಅವರಂತೆ ಆಗುವುದು ಸಾವಿರಕ್ಕೊಬ್ಬರಿಗೂ ಇಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಡವೆಂದೆವು. ಅವಳಿಗೆ ಕೋಪ ಬಂದಿತು.

ಕೊನೆಗೆ ನಾವು ಹೇಳಿದ ತೀರ್ಪು ಇಷ್ಟು: ಮೊದಲು ಸದಸ್ಯತ್ವ ಬೇಡ, ಹತ್ತು ದಿನಗಳ ಆರಂಭದ ಪಾಠ ಮಾತ್ರ, ಒಂದು ದಿನ ತಾಯಿ ಬಂದು ನೋಡತಕ್ಕದ್ದು. ತಂಗಿ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ, “ನೀನೂ ಜೊತೆಗೆ ಬಂದರೆ ಬರುತ್ತೇನೆ” ಎಂದಳು.

ನಾವು ಹೋದ ದಿನವೇ ದೋಣಿ ಮಗುಚುವ ಪಾಠವಿರಬೇಕೆ! ಬಂದರಿನ ಗೋಡೆಯೊಳಗಣ ತಿಳಿಗಾಳಿಯ ನೀರು. ಮಕ್ಕಳೆಲ್ಲರೂ ತೇಲುವ ಅಂಗಿ ತೊಟ್ಟಿದ್ದರು. ಯಂತ್ರದೋಣಿ ಹತ್ತು ಮಾರು ದೂರದಲ್ಲಿ ನಿಂತಿತ್ತು. ಗುರುವು ಸನ್ನೆ ಮಾಡಿದೊಡನೆ ಹುಡುಗಿ ದೋಣಿಯನ್ನು ತಾನೇ ಬೇಕೆಂದು ಉರುಳಿಸಿದಳು. ಹಾಯಿ ನೀರಿನ ಮೇಲೆ ಒರಗಿತು, ಹುಡುಗಿ ಕಾಣಲಿಲ್ಲ. ತಂಗಿ ನಮ್ಮ ತೋಳನ್ನು ಹಿಡಿದ ಹಿಡಿತಕ್ಕೆ ಉಗುರಿನ ಗುರುತು ಸಂಜೆಯವರೆಗೂ ಇದ್ದಿತು. ಅಷ್ಟರಲ್ಲಿ ತಲೆ ಮೇಲೆದ್ದಿತು. ದೋಣಿಯ ಹಿಂಬದಿಯಿಂದ ಸುತ್ತಿ ಬಂದಳು. ಆ ಹಲಗೆಯನ್ನು ಹಿಡಿದು ಮೈಭಾರವನ್ನೆಲ್ಲ ಹಾಕಿದಳು. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಹಾಯಿ ನೀರು ಸುರಿಸುತ್ತ ನಿಧಾನವಾಗಿ ಎದ್ದು ನಿಂತಿತು. ಅವಳು ಹತ್ತಿ ಕುಳಿತು ತಂಬಿಗೆಯಂಥದೊಂದರಿಂದ ದೋಣಿಯ ನೀರನ್ನು ಎತ್ತಿಹಾಕತೊಡಗಿದಳು, ನಮ್ಮ ಕಡೆ ನೋಡಲೂ ಇಲ್ಲ.

“ಅವಳಿಗೆ ಯಾರೂ ಸಹಾಯ ಮಾಡಲಿಲ್ಲವಲ್ಲ” ಎಂದಳು ತಂಗಿ. ದೂರೋ ಮೆಚ್ಚುಗೆಯೋ ನಮಗೆ ತಿಳಿಯಲಿಲ್ಲ.

ನಾವು ಊರಿಗೆ ಬಂದ ಎರಡು ತಿಂಗಳ ಮೇಲೆ ತಂಗಿಯ ಕಾಗದ ಬಂದಿತು. ಒಂದು ವರ್ಷದ ಸದಸ್ಯತ್ವಕ್ಕೆ ಹಣ ಕಟ್ಟಿದ್ದಾರಂತೆ. ಹತ್ತನೆಯ ತರಗತಿಯ ವರ್ಷ ದೋಣಿಯ ಹೆಸರೆತ್ತಬಾರದೆಂದು ಕರಾರು. ಪ್ರತಿ ಭಾನುವಾರ ಮಗಳನ್ನು ಕರೆದುಕೊಂಡು ಹೋಗುವುದು ಅವಳ ತಂದೆಯಂತೆ. ಆದರೆ ಮಧ್ಯಾಹ್ನದ ಬುತ್ತಿಯನ್ನು ಕಟ್ಟೆಯವರೆಗೆ ತಾನೇ ಒಯ್ದು ಕೊಡುವಳಂತೆ.