ಅಂಕವೂ ಅರಿವೂ

ಬೆಳಕವಾಡಿಯ ತಮ್ಮ ಮನೆಯ ಜಗಲಿಯಲ್ಲಿ ಅಧ್ಯಾಪಕರೊಬ್ಬರು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದರು. ಪ್ರಶ್ನೆಯು ಆಫ್ರಿಕಾ ಮೂಲದ ಸಿದ್ದಿಗಳನ್ನು ಕುರಿತದ್ದು. ಪೋರ್ಚುಗೀಸರ ದಾಸವ್ಯಾಪಾರ, ಗೋವೆಯಿಂದ ಪಾರಾದವರು ಯಲ್ಲಾಪುರ, ಹಳಿಯಾಳಗಳ ಕಾಡುಗಳಲ್ಲಿ ನೆಲಸಿದ ಬಗೆ, ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದುದು, ಇವೆಲ್ಲವನ್ನೂ ಒಬ್ಬನು ತಪ್ಪಿಲ್ಲದೆ ಬರೆದಿದ್ದನು. ಮತ್ತೊಬ್ಬಳು ಇಸವಿಯನ್ನೇ ಮರೆತಿದ್ದಳು; ಆದರೆ ಹೀಗೆ ಬರೆದಿದ್ದಳು: “ಸಿದ್ದಿ ಮುದುಕಿಯೊಬ್ಬಳನ್ನು ‘ನಿಮ್ಮ ದೇಶ ಯಾವುದು?’ ಎಂದು ಕೇಳಹೊರಟೆ. ಅಷ್ಟರಲ್ಲಿ ಆಕೆಯೇ ಕನ್ನಡದಲ್ಲಿ, ‘ಯಾವ ಊರವ್ವಾ ನಿಂದು?’ ಎಂದಳು. ನಾಚಿದೆನು.”

ಲೇಖನಿ ತಡೆಯಿತು. ಇಸವಿಗೆ ಅಂಕವುಂಟು, ಆ ನಾಚಿಕೆಗೆ ಅಂಕವೆಲ್ಲಿ? ನಿಯಮದಂತೆ ಆಕೆಗೆ ಕಡಮೆಯೇ ಬಿದ್ದಿತು. ಮರುವರ್ಷದ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಅವರು ಹೊಸ ಪ್ರಶ್ನೆಯೊಂದನ್ನು ಸೇರಿಸಿದರು: “ಈ ವ್ಯಾಸಂಗದಿಂದ ನಿಮ್ಮ ಯಾವ ತಿಳಿವಳಿಕೆ ಸುಳ್ಳಾಯಿತು?”