ಕಾಕಾನ ಪೆಟ್ಟಿಗೆ ಮತ್ತು ಹೆಸರಿಲ್ಲದ ಸಾಮಾನುಗಳು

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕೆಲಸ, ರಿಲೀಸು, ಮತ್ತೆ ಕೆಲಸ... ನೆಪಗಳಿಗೇನು ಬರ ಇಲ್ಲ ಬಿಡಿ. ಈ ಸಲ ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ತುಕ್ಕು ಹಿಡಿದ ಒಂದು ಕಬ್ಬಿಣದ ಪೆಟ್ಟಿಗೆ.

ನಮ್ಮ ಕಾಕಾ ಗೋಕಾಕದಲ್ಲಿ ಗ್ಯಾರೇಜ್ ಇಟ್ಟಿದ್ದರು. ಗ್ಯಾರೇಜ್ ಅಂದ್ರೆ ದೊಡ್ಡದೇನಲ್ಲ, ತಗಡಿನ ಷೆಡ್ಡು, ಎದುರಿಗೆ ಒಂದು ಬೇವಿನ ಮರ. ಅಂಬಾಸಿಡರ್, ಪದ್ಮಿನಿ, ಜೀಪು, ಇವಿಷ್ಟೇ ಅವರ ಜಗತ್ತು. ಹೋದ ವರ್ಷ ಅವರು ತೀರಿಕೊಂಡರು. ಷೆಡ್ಡು ಖಾಲಿ ಮಾಡಿ ಬಾಡಿಗೆಗೆ ಕೊಡಬೇಕು ಅಂತ ಚಿಗವ್ವ ಫೋನ್ ಮಾಡಿದಳು. "ಮೋಡ್ಕಾದಾವ ಬರ್ತಾನ. ಕಿಲೋ ಲೆಕ್ಕದಾಗ ಒಯ್ತೀನಿ ಅಂದಾನ. ನೀ ಬಂದು ಒಮ್ಮೆ ನೋಡಿ ಹೋಗಪಾ, ಬೇಕಾದ್ದು ಇಟ್ಕೋ." ಅದರ ಜೊತೆಗೇ ಷೆಡ್ಡಿನಲ್ಲಿ ನಿಂತಿರೋ ಕಾಕಾನ ಸ್ವಂತ ಅಂಬಾಸಿಡರ್, ಎಪ್ಪತ್ತರ ದಶಕದ ಮಾರ್ಕ್ 3, ಅದೂ ಗುಜರಿಗೇ. ಇಂಜಿನ್ ಹೋಗಿದೆ ಅಂತ ಎಲ್ಲರೂ ಹೇಳಿಬಿಟ್ಟಿದ್ದರು.

ಎರಡು ದಿನ ರಜೆ ಹಾಕಿ, ಶನಿವಾರ ಭಾನುವಾರ ಸೇರಿಸಿಕೊಂಡು ಹೊರಟೆ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡ್ತಿರೋದು ಸಾಫ್ಟ್‌ವೇರ್. ಆದರೂ ಪಾನಾ, ಇಕ್ಕಳ ಗುರುತಿಸೋಕೆ ಏನು ಮಹಾ ಅಂದ್ಕೊಂಡೆ.

ಪೆಟ್ಟಿಗೆ ತೆಗೆದೆ ನೋಡಿ... ಅರ್ಧಕ್ಕರ್ಧ ಸಾಮಾನು ಏನು ಅಂತಾನೇ ಗೊತ್ತಾಗಲಿಲ್ಲ :)

ಸುಲಭದ್ದು ಮೊದಲು. ತುದಿಗೆ ರಬ್ಬರಿನ ಬಟ್ಟಲಿರೋ ಕಟ್ಟಿಗೆಯ ಕೋಲು, ಇದು ವಾಲ್ವ್ ಉಜ್ಜೋದು. ವಾಲ್ವಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರನ್ನ ಅದರ ತಲೆಗೆ ಅಂಟಿಸಿ, ಎರಡೂ ಅಂಗೈಯಲ್ಲಿ ಕಡಗೋಲಿನಂಗೆ ತಿರುಗಿಸೋದು. ವಾಲ್ವಿನ ಸುತ್ತ ಬೂದು ಬಣ್ಣದ ಉಂಗುರ ತುಂಡಾಗದೆ ಬಂದರೆ ಕೆಲಸ ಮುಗೀತು. ಚಿಕ್ಕವನಿದ್ದಾಗ ರಜೆಗೆ ಬಂದು ನಾನೇ ತಿರುಗಿಸಿದ್ದೀನಿ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಸುರುಳಿ ಮಾಡಿ ಕ್ಲಾಂಪ್ ಹಾಕಿದ್ದು, ಪಿಸ್ಟನ್ ಒಳಗೆ ತಳ್ಳುವಾಗ ರಿಂಗುಗಳನ್ನ ಒತ್ತಿ ಹಿಡಿಯೋದಕ್ಕೆ. ಸೈಕಲ್ ಕಡ್ಡಿ ಬಗ್ಗಿಸಿದ ಕೊಕ್ಕೆ, ಬ್ರೇಕಿನ ಸ್ಪ್ರಿಂಗ್ ಎಳೆಯೋಕೆ.

ಅಲ್ಲಿಗೆ ನನ್ನ ವಿದ್ಯೆ ಮುಗೀತು.

ಉಳಿದದ್ದರಲ್ಲಿ ಮೂರು ಸಾಮಾನು ತಲೆ ತಿಂದವು. ಒಂದು, ಒಂದು ಪಾನಾ. ಬಾಯಿಯ ಹತ್ತಿರ ¼ ಡಬ್ಲ್ಯೂ ಅಂತ ಬರೆದಿದೆ, ಆದರೆ ಬಾಯಿ ಕಾಲು ಇಂಚಿನ ದುಪ್ಪಟ್ಟಿಗಿಂತ ಜಾಸ್ತಿ ಅಗಲ! 13 ಎಂ.ಎಂ. ಬೋಲ್ಟಿಗೆ ಸಡಿಲ, 14 ಎಂ.ಎಂ. ಬೋಲ್ಟಿಗೆ ಹೋಗೋದೇ ಇಲ್ಲ. ಎರಡು, ಗರಗಸದಲ್ಲಿ ಕುಯ್ದ ಗೇರ್‌ಬಾಕ್ಸಿನ ಶಾಫ್ಟಿನ ತುಂಡು, ಒಂದು ತುದಿಗೆ ಹಲ್ಲು, ಇನ್ನೊಂದು ತುದಿಗೆ ಕಟ್ಟಿಗೆಯ ಹಿಡಿಕೆ. ಮೂರು, ಹಳೇ ಕರದಂಟಿನ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಜೋಪಾನವಾಗಿ ಇಟ್ಟಿದ್ದ ಒಂದು ಸ್ಪಾರ್ಕ್ ಪ್ಲಗ್. ಅದರ ಒಳಗಿನ ಪಿಂಗಾಣಿ ಒಡೆದು ತೆಗೆದು, ಆ ಜಾಗದಲ್ಲಿ ಲಾರಿ ಟ್ಯೂಬಿನ ವಾಲ್ವ್ ಇಟ್ಟು ಹಿತ್ತಾಳೆಯ ಬೆಸುಗೆ ಹಾಕಿದ್ದಾರೆ. ಪ್ಲಗ್ಗಿಗೆ ಗಾಳಿ ಹೊಡೆಯೋದಾ? ಯಾವುದೋ ತಮಾಷೆಗೆ ಮಾಡಿದ್ದಿರಬೇಕು ಅಂದ್ಕೊಂಡೆ.

ಚಿಗವ್ವನ್ನ ಕೇಳಿದೆ. "ನನಗೇನ್ ಗೊತ್ತೋ ಯಪ್ಪಾ. ಮೂಡಲಗಿ ಅಜ್ಜಾರ್ನ ಕೇಳು. ನಿಮ್ಮ ಕಾಕಾ ಮೊದಲ ಕೆಲಸಾ ಕಲತದ್ದು ಅವರ ಕಡೇನ." ಈ ವಿಷಯವೇ ನನಗೆ ಹೊಸದು.

ಮರುದಿನ ಮೂಡಲಗಿಗೆ ಹೋದೆ. ಅಜ್ಜಾರಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಪಾನಾ ಕೈಗೆ ಕೊಟ್ಟೆ. ನೋಡಲೂ ಇಲ್ಲ, ಹೆಬ್ಬೆರಳಿಂದ ಬಾಯಿ ಸವರಿ ನಕ್ಕರು. "ಇದು ಕಾರಿಂದಲ್ಲೋ ತಮ್ಮಾ. ಬಾವಿ ಇಂಜಿನ್ನಿಂದು. ಲಿಸ್ಟರ್."

ಲಿಸ್ಟರ್ ಅಂದ್ರೆ ಇಂಗ್ಲೆಂಡಿನ ಡರ್ಸ್ಲಿ ಊರಿನ ಡೀಸೆಲ್ ಇಂಜಿನ್. ಕರೆಂಟಿನ ಪಂಪು ಬರೋ ಮುಂಚೆ ಬಾವಿಯಿಂದ ನೀರೆತ್ತೋಕೆ ಇಂಥವೇ ಇಂಜಿನ್ನುಗಳು. ಡಬ್ಲ್ಯೂ ಅಂದ್ರೆ ವಿಟ್‌ವರ್ತ್, 1841ರಲ್ಲಿ ಬೋಲ್ಟಿನ ಎಳೆಗಳಿಗೆ ಒಂದೇ ಅಳತೆ ಇರಲಿ ಅಂತ ಹೇಳಿದ ಇಂಗ್ಲಿಷ್ ಮನುಷ್ಯ. ಈ ಪದ್ಧತಿಯಲ್ಲಿ ಪಾನಾದ ಮೇಲೆ ಬರೆಯೋದು ಬಾಯಿಯ ಅಗಲ ಅಲ್ಲ, ಬೋಲ್ಟಿನ ಕಡ್ಡಿಯ ದಪ್ಪ. ಕಾಲು ಇಂಚಿನ ಬೋಲ್ಟಿಗೆ ಬಾಯಿ 0.525 ಇಂಚು, ಅಂದ್ರೆ 13.3 ಎಂ.ಎಂ. ಅದಕ್ಕೇ ಎರಡಕ್ಕೂ ಕೂರಲಿಲ್ಲ! ಇನ್ನು ಅಂಬಾಸಿಡರ್‌ಗೆ ಬೋಲ್ಟಿನ ತಲೆಯ ಅಗಲ ಬರೆದ ಇಂಚಿನ ಪಾನಾ, ಇಟಲಿಯ ಫಿಯೆಟ್ ಮೂಲದ ಪದ್ಮಿನಿಗೆ ಎಂ.ಎಂ. ಪಾನಾ. ಮೂರೂ ಒಂದೇ ಪೆಟ್ಟಿಗೆಯಲ್ಲಿ ಕಲೆಸಿಕೊಂಡಿದ್ದವು. ಕಾಕಾ ಯಾವತ್ತೂ ತಪ್ಪಾಗಿ ಎತ್ತಿದ್ದು ನೋಡಿಲ್ಲ.

ಪ್ಲಗ್ ತೋರಿಸಿದೆ. "ಇದು ನನ್ನ ಕಾಲದ್ದಲ್ಲ. ಹುಕ್ಕೇರ್ಯಾಗ ನಿಮ್ಮ ಕಾಕಾನ ಶಿಷ್ಯ ಅದಾನಲ್ಲ, ಅಂವಗ ಗೊತ್ತಿರತೈತಿ."

ಸರಿ, ಅದರ ಮರುದಿನ ಘಟಪ್ರಭಾ ದಾಟಿ ಹುಕ್ಕೇರಿ. ಶಿಷ್ಯ ಅಂದ್ರೆ ಅವರಿಗೂ ಈಗ ಐವತ್ತು. ಗ್ಯಾರೇಜಿನಲ್ಲಿ ಎಲ್ಲಾ ಹೊಸ ಗಾಡಿಗಳು, ಒಬ್ಬ ಹುಡುಗ ಸ್ಕ್ಯಾನರ್ ಚುಚ್ಚಿಕೊಂಡು ಕೂತಿದ್ದ. ಹಿಡಿಕೆ ಇರೋ ಶಾಫ್ಟನ್ನ ನೋಡಿದ್ದೇ ತಡ, ಅವರ ಮುಖವೇ ಅರಳಿತು. "ಇದು ಉಸ್ತಾದ್ ಮಾಡಿದ್ದು! ಕ್ಲಚ್ ಪ್ಲೇಟ್ ನಡುವ ಕೂರಿಸೂದು. ಇದು ಇರ್ಲಿಲ್ಲಂದ್ರ ಗೇರ್‌ಬಾಕ್ಸ್ ಎತ್ತಿ ಎತ್ತಿ ಕೈ ಸೋಲ್ತಿದ್ದು." ಪ್ಲೇಟು ಕೂದಲೆಳೆಯಷ್ಟು ಪಕ್ಕಕ್ಕಿದ್ದರೂ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಹೋಗೋದಿಲ್ಲ. ಒಡೆದ ಗೇರ್‌ಬಾಕ್ಸಿನ ಅದೇ ಶಾಫ್ಟನ್ನ ಕತ್ತರಿಸಿ ಅಳತೆಗೋಲು ಮಾಡಿಕೊಂಡಿದ್ದರು ಕಾಕಾ.

ಆಮೇಲೆ ಕರದಂಟಿನ ಡಬ್ಬಿ ತೆಗೆದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಕಾರ್ ಇನ್ನೂ ಐತೇನ್ರಿ?"

"ಐತ್ರಿ. ಇಂಜಿನ್ ಹೋಗೇತಂತ. ಮಂಗಳವಾರ ಮೋಡ್ಕಾದವರು ಬರ್ತಾರ."

"ಯಾರು ಹೇಳಿದ್ರು ಹೋಗೇತಂತ? ಇದನ್ನ ಹಚ್ಚಿ ನೋಡಿದ್ರೇನು? ನಾಳೆ ಮುಂಜಾನೆ ಬರ್ತೀನಿ, ತಡೀರಿ."

ಸೋಮವಾರ ಬೆಳಿಗ್ಗೆ ಗೋಕಾಕಕ್ಕೆ ಬಂದೇ ಬಿಟ್ಟರು. ಪುಣ್ಯಕ್ಕೆ ಷೆಡ್ಡಿನ ಕಂಪ್ರೆಸರ್ ಇನ್ನೂ ಮಾರಿರಲಿಲ್ಲ. ಮೊದಲನೇ ಸಿಲಿಂಡರಿನ ಪ್ಲಗ್ ಬಿಚ್ಚಿ ಈ ಪ್ಲಗ್ ಹಾಕಿದರು. ಮುಂದೆ ಹ್ಯಾಂಡಲ್ ತೂರಿಸಿ, ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲೆ ಬರೋ ತನಕ ತಿರುಗಿಸಿದರು. ಹ್ಯಾಂಡಲ್ ತೆಗೆದು, ಗೇರ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆದರು, ಇಲ್ಲದಿದ್ದರೆ ಗಾಳಿಯ ಒತ್ತಡಕ್ಕೆ ಇಂಜಿನ್ನೇ ತಿರುಗಿಬಿಡುತ್ತೆ. ಆಮೇಲೆ ಗಾಳಿ.

"ಈಗ ಕಿವಿ ಇಡ್ರಿ" ಅಂದ್ರು. ಲೆಕ್ಕ ಇಷ್ಟೇ: ಕಾರ್ಬುರೇಟರಿನಲ್ಲಿ ಬುಸ್ ಅಂದ್ರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಅಂದ್ರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕೋ ಬಾಯಲ್ಲಿ ಅಂದ್ರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ಡಿನ ಗ್ಯಾಸ್ಕೆಟ್. ಮೀಟರ್ ಇಲ್ಲ, ಸ್ಕ್ರೀನ್ ಇಲ್ಲ. ಒಂದು, ಎರಡು ಸರಿ ಇದ್ದವು. ಮೂರನೇದಕ್ಕೆ ಗಾಳಿ ಬಿಟ್ಟಾಗ ನಾನು ಸೈಲೆನ್ಸರ್ ಹತ್ತಿರ ನೆಲದ ಮೇಲೆ ಮಲಗಿದ್ದೆ. ಬುಸ್ಸ್... ಅಂತ ಸಣ್ಣಗೆ ಕೇಳಿಸ್ತು! ನಾಲ್ಕನೇದೂ ಸರಿ. ಮೂರನೇದರ ಟ್ಯಾಪೆಟ್ ಗ್ಯಾಪ್ ನೋಡಿದರೆ ಅದೂ ಸರಿಯಾಗೇ ಇತ್ತು. ಅಂದ್ರೆ ವಾಲ್ವೇ ಸುಟ್ಟಿದೆ.

ಮಧ್ಯಾಹ್ನಕ್ಕೆ ಹೆಡ್ ಬಿಚ್ಚಿದ್ವಿ. ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಡಿದಂಗೆ ಹೋಗಿತ್ತು. ಇಂಜಿನ್ ಹೋಗಿರಲಿಲ್ಲ, ಹೋಗಿದ್ದು ಒಂದು ವಾಲ್ವ್.

ಕಾಕಾ ಇದ್ದಿದ್ದರೆ ಅರ್ಧ ಗಂಟೇಲಿ ಕಂಡುಹಿಡೀತಿದ್ದರು. ಕೊನೇ ವರ್ಷ ಅವರಿಗೆ ಏಳೋಕೂ ಆಗ್ತಿರಲಿಲ್ಲ. ನಾನು ಕಾಲೇಜಲ್ಲಿದ್ದಾಗ ಒಮ್ಮೆ ಅಂದಿದ್ದರು, "ನಿನ್ನ ಕಡೆ ಕಂಪ್ಯೂಟರ್ ಐತಲ್ಲ, ಇವೆಲ್ಲಾ ಏನು ಎತ್ತ ಅಂತ ಬರ್ದು ಇಡೋಣೇನೋ?" "ಆಯ್ತು ಕಾಕಾ, ಮುಂದಿನ ರಜಾದಾಗ" ಅಂದಿದ್ದೆ. ಆ ರಜೆ ಬರಲೇ ಇಲ್ಲ. ಆಫೀಸಿನಲ್ಲಿ ಯಾರೋ ಬಿಟ್ಟು ಹೋದ ಕೋಡಿಗೆ ಒಂದು ಸಾಲು ವಿವರಣೆ ಇಲ್ಲ ಅಂತ ದಿನಾ ಬೈಕೋತೀನಿ. ಇಲ್ಲಿ ಬರೆಸೋಕೆ ಅವರು ತಯಾರಿದ್ದರು, ನನಗೇ ಪುರುಸೊತ್ತಿರಲಿಲ್ಲ.

ಆ ರಾತ್ರಿ ಕೂತು ಒಂದೊಂದು ಸಾಮಾನಿಗೂ ರಟ್ಟಿನ ಚೀಟಿ ಕಟ್ಟಿದೆ. ಏನು, ಯಾವ ಗಾಡಿಗೆ, ಹೇಗೆ ಬಳಸೋದು. ನಲವತ್ತೊಂದು ಚೀಟಿ ಆಯ್ತು. ಆರು ಸಾಮಾನು ಇನ್ನೂ ಗೊತ್ತಾಗಿಲ್ಲ, ಅವಕ್ಕೆ ಖಾಲಿ ಚೀಟಿಯನ್ನೇ ಕಟ್ಟಿದೀನಿ. ಪೆಟ್ಟಿಗೆ ಹುಕ್ಕೇರಿಗೆ ಹೋಯ್ತು, ಬಳಸೋರ ಕೈಗೆ. ಮೋಡ್ಕಾದವ ಬರಿಗೈಲಿ ಹೋದ. "ಕಾರ್ ಮಾರೂದಂತೂ ಮಾರ್ತೀನಿ. ಆದ್ರ ಓಡಿಸಾವ್ರಿಗೆ ಕೊಡ್ತೀನಿ" ಅಂದಳು ಚಿಗವ್ವ.

ಪ್ಲಗ್ ಮಾತ್ರ ಅವರು ನನಗೇ ವಾಪಸ್ ಕೊಟ್ಟರು. "ನಂದು ನಾ ಮಾಡ್ಕೋತೀನಿ, ಈಗ ಗೊತ್ತಾತಲ್ಲ." ಅದೀಗ ನನ್ನ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕ ಇದೆ.

ನಿಮ್ಮ ಮನೇಲೂ ಇಂಥ ಪೆಟ್ಟಿಗೆ ಇರಬಹುದು. ಕಮ್ಮಾರನದೋ, ಅಕ್ಕಸಾಲಿಯದೋ, ಅಜ್ಜಿಯ ಅಡುಗೆಮನೆಯದೋ. ಹೇಳೋರು ಇನ್ನೂ ಇದ್ದರೆ, ಈ ರಜೆಯಲ್ಲೇ ಕೂತು ಕೇಳಿಬಿಡಿ.