ಎಷ್ಟು ಕೂಗು?

ನಮ್ಮ ಮನೆಯಲ್ಲಿ ಕೋಳಿ ಬೇಯುವುದು ಬುಧವಾರ. ಇದು ನಾಲಿಗೆಯ ತೀರ್ಮಾನವಲ್ಲ, ದೇವರುಗಳದ್ದು. ಸೋಮವಾರ ಮನೆದೇವರು ಮಾದಪ್ಪನ ವಾರ. ಮಂಗಳವಾರ, ಶುಕ್ರವಾರ ಹೆಂಡತಿ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟಿರುತ್ತಾಳೆ. ಗುರುವಾರ ಅವಳ ತವರಿನಿಂದ ಜೊತೆಗೇ ಬಂದ ಸಾಯಿಬಾಬಾ. ಶನಿವಾರ ಆಂಜನೇಯ. ಭಾನುವಾರ ಉಳಿಯಿತಲ್ಲ ಅನ್ನಬಹುದು. ಆವತ್ತು ಅಂಗಡಿ ಮುಂದೆ ಇಡೀ ಬಡಾವಣೆ ನಿಂತಿರುತ್ತದೆ. ಮುಂದಿನವನು ಮೂರು ಕೆಜಿ ಬಿರಿಯಾನಿ ಪೀಸ್ ಅಂದನೆಂದರೆ ಹಿಂದಿನವರೆಲ್ಲ ಅವನ ಬೆನ್ನನ್ನೇ ದುರುಗುಟ್ಟಿ ನೋಡುತ್ತೇವೆ. ಹೀಗೆ ಎಲ್ಲರೂ ಬಿಟ್ಟುಕೊಟ್ಟು ಉಳಿದದ್ದು ಬುಧವಾರ. ಅಡುಗೆಯ ಸರದಿಯೂ ಅಂದು ನನ್ನದೇ.

ಆಫೀಸು ಮುಗಿಸಿ ಅಂಗಡಿ ತಲುಪುವಾಗ ಏಳೂವರೆ. ಒಂಬತ್ತಕ್ಕೆ ತಟ್ಟೆ ಹಾಕಿರಬೇಕು, ಮಗಳಿಗೆ ಬೆಳಗ್ಗೆ ಆರೂಮುಕ್ಕಾಲಿಗೆ ಸ್ಕೂಲ್ ವ್ಯಾನು. ಅಂಗಡಿಯವನು ತಲೆ ಎತ್ತದೆ ಕೇಳುತ್ತಾನೆ: “ವಿತ್ ಸ್ಕಿನ್ನಾ, ವಿತೌಟಾ?” ನಾನು ವಿತೌಟ್ ಅನ್ನುತ್ತೇನೆ. ಅವನು ಒಂದು ಗೀರು ಹಾಕಿ, ಎರಡೂ ಕೈಯಲ್ಲಿ ಹಿಡಿದು ಎಳೆದರೆ, ಮಕ್ಕಳ ಸ್ವೆಟರ್ ಬಿಚ್ಚಿದ ಹಾಗೆ ಪುಕ್ಕದ ಸಮೇತ ಚರ್ಮ ಕಳಚಿ ನೀಲಿ ಡ್ರಮ್ಮಿಗೆ ಬೀಳುತ್ತದೆ. ಆಮೇಲೆ ಹುಣಸೆ ಕೊರಡಿನ ಮೇಲೆ ಟಕಟಕ ಕತ್ತಿ. ಕೈಗೆ ಬಂದ ಕವರು ಇನ್ನೂ ಬೆಚ್ಚಗಿರುತ್ತದೆ. ಐದು ನಿಮಿಷದ ಕೆಲಸ.

ಆ ಡ್ರಮ್ಮಿನ ಕಡೆ ನಾನು ನೋಡುವುದಿಲ್ಲ. ಅಜ್ಜಿ ಕಂಡಿದ್ದರೆ ನನ್ನನ್ನೇ ಅದಕ್ಕೆ ತುಂಬುತ್ತಿದ್ದಳು.

ಮಂಡ್ಯ ಕಡೆಯ ನಮ್ಮೂರಿಗೆ ಆಗ ಕೊನೇ ಬಸ್ಸು ಏಳಕ್ಕೆ. ಅದರಿಂದ ನೆಂಟರು ಇಳಿದು ಬೀದಿ ತಿರುವಿನಲ್ಲಿ ಕಂಡರೋ ಇಲ್ಲವೋ, ಅಜ್ಜಿ ಒಳಗೊಳಗೇ ಲೆಕ್ಕ ಶುರು ಮಾಡುತ್ತಿದ್ದಳು. ಬಂದವರು ಅಳಿಯನಾದರೆ ಹುಂಜ. ಸೋದರತ್ತೆಯಾದರೆ ಹ್ಯಾಟೆ. ಸಾಲ ಕೇಳಲು ಬಂದವರಾದರೆ ಮೊಟ್ಟೆ ಬಿಟ್ಟ ಮುದಿ ಕೋಳಿ, ಅದೂ ಅವರ ಹಲ್ಲಿಗೊಂದು ಪರೀಕ್ಷೆ. ಕೋಳಿಗೆ ಕತ್ತಲಾದರೆ ಕಣ್ಣು ಕಾಣುವುದಿಲ್ಲ. ಹಗಲಿಡೀ ಊರೆಲ್ಲ ಅಟ್ಟಾಡಿಸುವ ಹುಂಜ ರಾತ್ರಿ ಗೂಡಿಗೆ ಕೈ ಹಾಕಿದರೆ ಸುಮ್ಮನೆ ಬಂದುಬಿಡುತ್ತದೆ. ನೆಂಟರು ಜಗುಲಿಯಲ್ಲಿ ಕೂತು “ಏನೂ ಬ್ಯಾಡ ಕಣವ್ವ, ಒಂದಿಷ್ಟು ಉಪ್ಸಾರು ಸಾಕು” ಅನ್ನುತ್ತಿರುವಾಗಲೇ ಹಿತ್ತಲಿಂದ ಒಂದು ಕ್ವಾಕ್ ಎಂಬ ಸದ್ದು ಕೇಳುತ್ತಿತ್ತು. ಅದು ಕೇಳಿಸಲಿಲ್ಲ ಎನ್ನುವಂತೆ ನೆಂಟರು ಮಳೆಯ ವಿಷಯ ಎತ್ತುತ್ತಿದ್ದರು, ಸ್ವಲ್ಪ ಜೋರಾಗಿಯೇ.

ಆಮೇಲಿನದು ಇಡೀ ಮನೆಯ ಕೆಲಸ. ಬಿಸಿನೀರಿಗೆ ಅದ್ದಿ ಪುಕ್ಕ ಕೀಳುವುದು, ಹುಲ್ಲಿನ ಬೆಂಕಿಯಲ್ಲಿ ಸುಡುವುದು, ಅರಿಶಿನ ಸವರಿ ಮತ್ತೊಮ್ಮೆ ಕಾಯಿಸುವುದು. ಚರ್ಮ ಬಿಗಿದು, ಹಳದಿಯಾಗಿ, ಅಲ್ಲಲ್ಲಿ ಕಪ್ಪು ಚುಕ್ಕೆ ಎದ್ದಾಗ ಬರುವ ಆ ವಾಸನೆಗೇ ಅರ್ಧ ಊಟ ಆಗುತ್ತಿತ್ತು. ಹ್ಯಾಟೆಯ ಹೊಟ್ಟೆ ಬಗೆದಾಗ ಒಳಗೆ ಮೊಟ್ಟೆಗೊನೆ: ನಾಳೆ ಇಡಬೇಕಿದ್ದದ್ದು ನಿಂಬೆಹಣ್ಣಿನಷ್ಟು, ನಾಡಿದ್ದಿನದು ಬೆಟ್ಟದ ನೆಲ್ಲಿಕಾಯಿಯಷ್ಟು, ಹೀಗೇ ಚಿಕ್ಕದಾಗುತ್ತ ಸಾಸಿವೆ ಕಾಳಿನ ತನಕ. ಮುಂದಿನ ತಿಂಗಳ ಮೊಟ್ಟೆಗಳೆಲ್ಲ ದಾರಕ್ಕೆ ಪೋಣಿಸಿದಂತೆ ಅಲ್ಲೇ. ಅದಕ್ಕಾಗಿ ನಾವು ಮೊಮ್ಮಕ್ಕಳು ಹೊಡೆದಾಡಿದ್ದೇವೆ. ಊಟಕ್ಕೆ ಹತ್ತು ಗಂಟೆಯಾಗುತ್ತಿತ್ತು. ನಿದ್ದೆಗಣ್ಣಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದೆವು.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಅಪ್ಪ ಪೇಟೆಯಿಂದ ಕವರಿನಲ್ಲಿ ಕೋಳಿ ತಂದರು. ತುಂಡಾಗಿಯೇ ಬಂದ ಕೋಳಿಯನ್ನು ನಮ್ಮ ಮನೆ ನೋಡಿದ್ದು ಅದೇ ಮೊದಲು. ಅಜ್ಜಿ ಬೆರಳಲ್ಲಿ ಒತ್ತಿ ನೋಡಿದಳು. ಬೆಣ್ಣೆಗೆ ಒತ್ತಿದ ಹಾಗೆ ಗುಳಿ ಬಿತ್ತು.

“ಇದು ಒಂದ್ ಸಲನಾದ್ರೂ ಕೂಗಿತ್ತಾ?” ಕೇಳಿದಳು.

“ಕೂಗಿರ್ತದೆ ಬುಡವ್ವ” ಅಂದರು ಅಪ್ಪ.

ಕೂಗಿರಲಿಲ್ಲ. ಹುಂಜದ ಗಂಟಲು ಒಡೆಯಲು ಎರಡು ಮೂರು ತಿಂಗಳಾದರೂ ಬೇಕು. ಫಾರಂ ಕೋಳಿ ಅಂಗಡಿಗೆ ಬರುವುದು ಆರು ವಾರಕ್ಕೇ. ತೂಕ ಎರಡು ಕೆಜಿ, ದನಿ ಮಾತ್ರ ಮರಿಯದು. ಬುಧವಾರ ನನಗೆ ಉಳಿಯುವ ಸಮಯವೆಲ್ಲ ಅದರ ಆಯಸ್ಸಿನಿಂದ ಕಡಿದುಕೊಂಡದ್ದು ಎಂದು ಆಗಾಗ ಅನ್ನಿಸುತ್ತದೆ. ಹಾಗೆಂದು ಕೊಳ್ಳುವುದನ್ನೇನೂ ನಿಲ್ಲಿಸಿಲ್ಲ.

ಈ ಅವಸರಕ್ಕೆ ಮೂಲ ಒಂದು ಲೆಕ್ಕದ ತಪ್ಪು. ಅಮೆರಿಕದ ಡೆಲವೇರ್ ರಾಜ್ಯದ ಓಷನ್ ವ್ಯೂ ಎಂಬ ಊರಲ್ಲಿ ಸಿಸಿಲ್ ಸ್ಟೀಲ್ ಎಂಬ ಗೃಹಿಣಿ ಇದ್ದಳು. ಮೊಟ್ಟೆಗಾಗಿ ಕೋಳಿ ಸಾಕುತ್ತಿದ್ದಳು. 1923ರಲ್ಲಿ ಐವತ್ತು ಮರಿ ಬೇಕೆಂದು ಬರೆದಳು, ಬಂದದ್ದು ಐನೂರು. ನಮ್ಮ ಅಜ್ಜಿಯಾಗಿದ್ದರೆ ತಂದವನ ಗ್ರಹಚಾರ ಬಿಡಿಸುತ್ತಿದ್ದಳು. ಆಕೆ ವಾಪಸ್ ಕಳಿಸಲಿಲ್ಲ. ಸಾಕಿ, ಬದುಕುಳಿದ 387ನ್ನು ಹದಿನೆಂಟು ವಾರಕ್ಕೆ ಮಾಂಸಕ್ಕೆಂದು ಮಾರಿದಳು, ಪೌಂಡಿಗೆ 62 ಸೆಂಟ್ ಲೆಕ್ಕದಲ್ಲಿ. ಒಳ್ಳೆಯ ದುಡ್ಡು. ಮರುವರ್ಷ ಸಾವಿರ ಮರಿ ತರಿಸಿದಳು, 1926ರ ಹೊತ್ತಿಗೆ ಹತ್ತು ಸಾವಿರ ಹಿಡಿಸುವ ಮನೆ. ಅಕ್ಕಪಕ್ಕದ ರೈತರೂ ಹಿಂದೆ ಬಿದ್ದರು. ಆ ಹದಿನೆಂಟು ವಾರದ ಕೋಳಿಯ ತೂಕ ಒಂದು ಕೆಜಿಯೂ ಇರಲಿಲ್ಲ ಅನ್ನುವುದನ್ನು ಗಮನಿಸಬೇಕು.

ಕೋಳಿಯನ್ನೇ ಬದಲಾಯಿಸಿದ್ದು ಆಮೇಲೆ. 1948ರಲ್ಲಿ ಅಲ್ಲಿ ‘ನಾಳೆಯ ಕೋಳಿ’ ಎಂಬ ಸ್ಪರ್ಧೆಯ ಫೈನಲ್ ನಡೆಯಿತು. ದೇಶದ ಬೇರೆ ಬೇರೆ ಕಡೆಯಿಂದ ಮೊಟ್ಟೆ ತರಿಸಿ, ಒಂದೇ ಕಡೆ ಮರಿ ಮಾಡಿ, ಒಂದೇ ಮೇವು ಹಾಕಿ, ಹನ್ನೆರಡು ವಾರಕ್ಕೆ ಯಾವುದರ ಎದೆ ದಪ್ಪ ಎಂದು ನೋಡಿದರು. ಗೆದ್ದದ್ದು ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವ್ಯಾಂಟ್ರೆಸ್ ಎಂಬಾತನ ಮಿಶ್ರತಳಿ. ಅದರ ಒಂದು ಕಡೆಯ ರಕ್ತ ಕಾರ್ನಿಶ್ ಕೋಳಿಯದು. ಈ ಕಾರ್ನಿಶ್ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹುಟ್ಟಿದರೂ ಅದರ ಇನ್ನೊಂದು ಹೆಸರು ಇಂಡಿಯನ್ ಗೇಮ್. ಯಾಕೆಂದರೆ ಅದನ್ನು ಕಟ್ಟಿದ್ದು ಇಲ್ಲಿಂದ ಹೋದ ಅಸೀಲ್ ಹುಂಜಗಳಿಂದ, ಅಂಕದಲ್ಲಿ ಕಾಳಗ ಮಾಡುವ ಜಾತಿ. ನನ್ನ ಕವರಿನಲ್ಲಿರುವ ಆ ಮೆತ್ತನೆಯ ಎದೆ ಒಂದು ಕಾಲದಲ್ಲಿ ಎದುರಾಳಿಯ ಮೇಲೆ ಎಗರಿದ ಎದೆ. ಈಗ ಸರಿಯಾಗಿ ನಾಲ್ಕು ಹೆಜ್ಜೆ ಓಡಲಾರದು.

ಅಜ್ಜಿ ಫಾರಂ ಕೋಳಿಯನ್ನು ಕೊನೆಯವರೆಗೂ ಸೀಮೆ ಕೋಳಿ ಎಂದೇ ಕರೆದಳು. ನಂಟಸ್ತಿಕೆ ಕೆದಕಿದರೆ ಅದು ಇನ್ನೂ ಹತ್ತಿರಕ್ಕೆ ಬರುತ್ತದೆ. ಲೋಕದ ಸಾಕು ಕೋಳಿಗಳಿಗೆಲ್ಲ ಕೆಂಪು ಕಾಡುಕೋಳಿಯೊಂದೇ ಮೂಲ ಎಂದು ಡಾರ್ವಿನ್ ನಂಬಿದ್ದ. ಆದರೆ ಕೆಂಪು ಕಾಡುಕೋಳಿಯ ಚರ್ಮ ಬಿಳಿ. ಹಾಗಾದರೆ ಫಾರಂ ಕೋಳಿಯ ಹಳದಿ ಎಲ್ಲಿಂದ ಬಂತು? 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು ವಂಶವಾಹಿ ಹಿಡಿದು ಹುಡುಕುತ್ತ ಹೋಗಿ ಮುಟ್ಟಿದ್ದು ಬೂದು ಕಾಡುಕೋಳಿಯನ್ನು. ಅದು ನಮ್ಮ ಪಶ್ಚಿಮ ಘಟ್ಟದ ಹಕ್ಕಿ. ಕೊಡಗಿನಲ್ಲೋ ಮಲೆನಾಡಿನಲ್ಲೋ ಒಂದು ರಾತ್ರಿ ತಂಗಿದವರು ಬೆಳಗಿನ ಜಾವ ತೋಟದಂಚಿನಿಂದ ಅದರ ಗೊಗ್ಗರು ಕೂಗು ಕೇಳಿರುತ್ತಾರೆ. ಮೇವಿನ ಹಳದಿಯನ್ನು ಚರ್ಮದಲ್ಲಿ ಕರಗಿಸದೆ ಹಾಗೇ ಉಳಿಸಿಕೊಳ್ಳುವ ಗುಣ ಅದರದು. ಯಾವಾಗಲೋ ಒಂದು ಕಾಡು ಹುಂಜ ಯಾರದೋ ಹಿತ್ತಲಿಗೆ ಬಂದು ಹೋಗಿರಬೇಕು. ಆ ಗುಣ ಲೋಕವೆಲ್ಲ ಸುತ್ತಿ ಮೆಕ್ಕೆಜೋಳ ತಿನ್ನುವ ಫಾರಂ ಕೋಳಿಗೂ ಬಂತು. ಅದನ್ನೇ ನಾನು ವಾರವಾರ “ವಿತೌಟ್” ಎಂದು ಡ್ರಮ್ಮಿಗೆ ಹಾಕಿಸುತ್ತಿದ್ದೇನೆ, ಡಾಕ್ಟರ ಮಾತು ಕೇಳಿಕೊಂಡು.

ಮದುವೆಗೆ ಮುಂಚೆ ಮೊದಲ ಸಲ ಒಬ್ಬನೇ ಕೋಳಿ ಮಾಡಿದಾಗ ಅಮ್ಮನಿಗೆ ಫೋನು ಮಾಡಿದ್ದೆ. ಅಮ್ಮ ವಿಷಲ್ ಅನ್ನುವುದಿಲ್ಲ, ಕೂಗು ಅನ್ನುತ್ತಾಳೆ. “ಆರು ಕೂಗು ಕೂಗ್ಸು” ಅಂದಳು. ಅವಳ ಲೆಕ್ಕ ನಾಟಿ ಕೋಳಿಯದು. ನಾನು ಶ್ರದ್ಧೆಯಿಂದ ಆರು ಎಣಿಸಿದೆ. ಮುಚ್ಚಳ ತೆಗೆದರೆ ಒಳಗೆ ಕೋಳಿ ಇರಲಿಲ್ಲ. ಎಳೆ ಎಳೆಯಾಗಿ ಸಾರಿನ ತುಂಬ ತೇಲುತ್ತಿತ್ತು, ಮೂಳೆಗಳು ತಳದಲ್ಲಿ ಬೇರೆಯಾಗಿ ಬಿದ್ದಿದ್ದವು. ರೂಮಿನ ಗೆಳೆಯ ತುಂಬ ಹೊತ್ತು ಸೌಟು ಆಡಿಸಿ, “ಇದನ್ನು ಕುಡಿಯೋದಾ, ಕಲಸೋದಾ?” ಅಂದ.

ಮುನ್ನೂರು ವರ್ಷದ ಹಿಂದೆ ಇದೇ ಅವಸ್ಥೆಗೆ ಚಪ್ಪಾಳೆ ಬಿದ್ದಿತ್ತು. ಡೆನಿ ಪಪಾಂ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಮುಚ್ಚಳ ಬಿಗಿದ ಪಾತ್ರೆಯೊಂದನ್ನು ಕಟ್ಟಿದ. ಸಿಡಿಯದಿರಲೆಂದು ಅದಕ್ಕೊಂದು ಕವಾಟವನ್ನೂ ಇಟ್ಟ. 1682ರ ಏಪ್ರಿಲ್ 12ರಂದು ಲಂಡನ್ನಿನ ರಾಯಲ್ ಸೊಸೈಟಿಯ ಘಟಾನುಘಟಿಗಳಿಗೆ ಅದರಲ್ಲೇ ಬೇಯಿಸಿ ಊಟ ಹಾಕಿದ. ಅಲ್ಲಿ ಉಂಡ ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ ಮೂಳೆಗಳೂ ಗಿಣ್ಣಿನಷ್ಟು ಮೆತ್ತಗಾಗಿದ್ದವೆಂದು ಬೆರಗಾಗಿ ಬರೆದಿದ್ದಾನೆ. ಮೂಳೆ ಬೆಂದು ಆದ ಜೆಲ್ಲಿಯಲ್ಲಿ ಒಂದು ಲೋಟದಷ್ಟನ್ನು ಹೆಂಡತಿಗೂ ಕಳಿಸಿದನಂತೆ. ನನಗೆ ಈ ಮನುಷ್ಯ ಇಷ್ಟವಾಗುವುದು ಇಲ್ಲೇ. ಎಂಥ ವಿಜ್ಞಾನ ಸಭೆಯಾದರೂ ಮನೆಗೊಂದು ಬಾಕ್ಸ್ ಕಟ್ಟಿಸಿಕೊಳ್ಳುವವನು ನಮ್ಮವನೇ.

ಈಗ ಕೈ ಪಳಗಿದೆ. ಕುಕ್ಕರಿಗೆ ಎಣ್ಣೆ, ಒಂದು ಈರುಳ್ಳಿ, ಕೋಳಿ, ಅರಿಶಿನ, ಉಪ್ಪು. ಅದು ತನ್ನ ನೀರು ತಾನೇ ಬಿಟ್ಟುಕೊಂಡು ಮತ್ತೆ ಎಳೆದುಕೊಳ್ಳುವಷ್ಟರಲ್ಲಿ ಈ ಕಡೆ ಬಾಣಲೆಯಲ್ಲಿ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಗಸಗಸೆ, ಎರಡು ಹಿಡಿ ಕಾಯಿ, ಕೊತ್ತಂಬರಿ ಸೊಪ್ಪು ಎಲ್ಲ ಮಿಕ್ಸಿಗೆ. ಅಮ್ಮ ಕಳಿಸಿದ ಖಾರದ ಪುಡಿ ಹಾಕಿದ ಮೇಲೆ ಕೋಳಿ ಯಾವ ದೇಶದ್ದಾದರೂ ಸಾರು ಮಂಡ್ಯದ್ದೇ. ಮುಚ್ಚಳ ಹಾಕಿ ಇನ್ನೊಂದು ಒಲೆಯಲ್ಲಿ ಮುದ್ದೆಗೆ ಎಸರಿಡುತ್ತೇನೆ.

ಅಷ್ಟರಲ್ಲಿ ಊರಿಂದ ಫೋನು. ಬುಧವಾರ ಎಂಟೂಮುಕ್ಕಾಲಿಗೆ ಅಮ್ಮ ತಪ್ಪದೆ ಮಾಡುತ್ತಾಳೆ.

“ಕೋಳಿ ತಂದ್ಯಾ?”

“ತಂದೆ.”

“ಫಾರಮ್ಮಾ?”

“ಇನ್ನೇನು ಮತ್ತೆ.”

ಕುಕ್ಕರು ಅವಳ ಕಿವಿಗೂ ಬೀಳುವಂತೆ ಕಿರುಚಿತು. ಮಗಳು ತಟ್ಟೆ ಹಿಡಿದು ಬಂದು ನಿಂತಳು.

“ಇದು ಎಷ್ಟನೇ ಕೂಗು?”

“ಎರಡು.”

“ಸಾಕು, ಇಳಿಸು.”